ಬಾಳಗೇರಿಯ ಮುತ್ತ್ಯಾಕಡ್ಡಿ

ಬೇತ್ಲೆಹೇಮಿನ ಮೇಲೆ ನಿಂತಿದ್ದ ಚುಕ್ಕಿ ತನ್ನ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಯಿತು? ಬೇರೆ ಊರಿನವರು ಇದನ್ನು ಕೇಳಿಕೊಂಡಿದ್ದಾರೋ ಇಲ್ಲವೋ, ಬಾಳಗೇರಿಯ ಮಿಷನ್ ಕಂಪೌಂಡಿನವರ ಹತ್ತಿರ ಉತ್ತರವಿತ್ತು. ಚುಕ್ಕಿ ಮರಳಿ ಮೇಲಕ್ಕೇ ಹೋಯಿತಂತೆ. ಹೋಗಿ ನೋಡಿದರೆ ಅದರ ಜಾಗದಲ್ಲಿ ಬೇರೊಂದು ಚುಕ್ಕಿ ಕೂತಿತ್ತಂತೆ. ಜಗಳವಾಡುವ ಸ್ವಭಾವದ್ದಲ್ಲ ಅದು. ಸುಮ್ಮನೆ ಕೆಳಗಿಳಿದು, ಊರೂರು ತಿರುಗಿ, ಕಾಲು ಸೋತು, ಕೊನೆಗೆ ಒಂದು ಬಿದಿರುಮೆಳೆಯಲ್ಲಿ ಮಲಗಿತು. ಅಲ್ಲಿಯವರೆಗೆ ಬಿದಿರು ಒಳಗೆಲ್ಲ ಗಟ್ಟಿಯಾಗಿತ್ತು; ಚುಕ್ಕಿಗೆ ಜಾಗ ಮಾಡಿಕೊಡಲೆಂದು ಪೊಳ್ಳಾಯಿತು. ಗಾಳಿ ಬೀಸಿದಾಗ ಮೆಳೆ ಕಿರಗುಟ್ಟುತ್ತದಲ್ಲ, ಅದು ಒಳಗಿನ ಚುಕ್ಕಿ ಮನೆಯ ದಾರಿ ಕೇಳುವ ದನಿ.

ಅದಕ್ಕೇ ಬಾಳಗೇರಿಯಲ್ಲಿ ಕ್ರಿಸ್‌ಮಸ್ಸಿಗೆ ಅಂಗಡಿಯ ಮಿಂಚುಕಾಗದದ ಚುಕ್ಕಿ ನಡೆಯುವುದಿಲ್ಲ. ಮನೆಮನೆಯಲ್ಲೂ ಬಿದಿರು ಸೀಳಿ, ಬಿಳಿ ಕಾಗದ ಅಂಟಿಸಿ ಚುಕ್ಕಿ ಕಟ್ಟುತ್ತಾರೆ. ಕರೆಂಟು ಬಂದು ಎಷ್ಟೋ ವರ್ಷವಾದರೂ ಒಳಗೆ ಉರಿಯುವುದು ಎಣ್ಣೆಯ ಪಣತಿಯೇ. ಹೊಸ ಕಡ್ಡಿಗಳ ನಡುವೆ ಹಿಂದಿನ ವರ್ಷದ ಚುಕ್ಕಿಯಲ್ಲಿದ್ದ ಅದೇ ಹಳೆಯ ಕಡ್ಡಿಯನ್ನು ದೀಪಕ್ಕೆ ಎದುರಾಗಿ ಸೇರಿಸಲೇಬೇಕು. ಹಬ್ಬ ಮುಗಿದು ಚುಕ್ಕಿ ಬಿಚ್ಚಿದಾಗ ಉಳಿದದ್ದೆಲ್ಲ ಒಲೆಗೆ, ಆ ಒಂದು ಕಡ್ಡಿ ಮಾತ್ರ ಒಲೆಯ ಮೇಲಿನ ಅಟ್ಟಕ್ಕೆ. ಹೊಗೆ ಕುಡಿದರೆ ಹುಳು ಹಿಡಿಯುವುದಿಲ್ಲ. ಆ ಸೀಮೆಯಲ್ಲಿ ಅಜ್ಜನಿಗೆ ಮುತ್ತ್ಯಾ ಎನ್ನುತ್ತಾರೆ. ಅಜ್ಜನ ಅಜ್ಜನಿಂದ ಇಳಿದು ಬಂದ ಈ ಕಡ್ಡಿಗೆ ಮುತ್ತ್ಯಾಕಡ್ಡಿ ಎಂದು ಹೆಸರು. ಚುಕ್ಕಿ ಹೊತ್ತಿಸಿ ಅದರ ಕೆಳಗೆ ಹಾಡುವ ಹಾಡಿಗೆ ಕಡ್ಡಿಪದ ಎಂದು. ಮನೆಯಲ್ಲಿ ಸಾವಾದ ವರ್ಷ ಆ ಮನೆಯ ಚುಕ್ಕಿ ಹೊತ್ತಿಸುವುದಿಲ್ಲ. ಹಾಗೆಂದು ಮುತ್ತ್ಯಾಕಡ್ಡಿ ಕತ್ತಲಲ್ಲಿ ಇರಬಾರದು. ನೆರೆಮನೆಯವರು ಅದಕ್ಕೆ ಗುರುತಿನ ಬಿಳಿ ದಾರ ಕಟ್ಟಿ, ತಮ್ಮ ಚುಕ್ಕಿಯೊಳಗೆ ತಮ್ಮ ಕಡ್ಡಿಯ ಪಕ್ಕದಲ್ಲಿ ಬೀಗರ ಹಾಗೆ ಕೂರಿಸಿಕೊಳ್ಳುತ್ತಾರೆ.

“ಚುಕ್ಕಿ ಕೆಳಗ ಜಗಳಾಡಬ್ಯಾಡ್ರಿ, ಅದಕ ಕಿವಿ ಅದಾವು” ಎಂದು ಮುದುಕಿಯರು ಮಕ್ಕಳನ್ನು ಗದರಿಸುತ್ತಿದ್ದರು. ತಬಿತಾ ಆ ಗದರಿಕೆ ಕೇಳುತ್ತಲೇ ಬೆಳೆದವಳು. ಮುಂದೆ ಭೌತಶಾಸ್ತ್ರ ಓದಿದಳು, ಧಾರವಾಡದ ಒಂದು ಕಾಲಮಾಪನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು, ಅದೇ ಕಂಪೌಂಡಿನ ಅಮೋಸನನ್ನು ಮದುವೆಯಾದಳು. ಅಮೋಸ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಭಾನುವಾರ ಮಿಷನ್ ದೇವಾಲಯದಲ್ಲಿ ಹಾರ್ಮೋನಿಯಂ. ಅವರಿಗೆ ಒಬ್ಬಳೇ ಮಗಳು, ರೋದಾ. ಒಂಬತ್ತು ತುಂಬಿದ ವರ್ಷ, ದಸರೆ ರಜೆಯಲ್ಲಿ, ಮಿದುಳುಜ್ವರ ಬಂದು ಹೋದಳು.

ಅದಾಗಿ ಐದಾರು ವರ್ಷ. ಆಗಿನ್ನೂ ಎಲ್ಲರ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಇದ್ದ ಮನೆಯಲ್ಲೂ ಅದು ಪೇಟೆಯ ಹಾಡು ಕೇಳಲಿಕ್ಕೆ. ಮಕ್ಕಳ ದನಿ ಹಿಡಿದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ರೋದಾಳ ಎರಡು ಫೋಟೋ ಉಳಿದಿದ್ದವು, ಒಂದು ಲಂಗ, ಹಲ್ಲು ಬಿದ್ದಾಗ ಕಟ್ಟಿಟ್ಟ ಪುಟ್ಟ ಪೊಟ್ಟಣ. ದನಿ ಉಳಿದಿರಲಿಲ್ಲ. ಸಾವಿನ ವರ್ಷ ಕಳೆದ ಮೇಲೆ ಅಮೋಸ ಮತ್ತೆ ಪ್ರತಿ ವರ್ಷ ಚುಕ್ಕಿ ಕಟ್ಟಿದ, ತಬಿತಾ ಪಣತಿಗೆ ಎಣ್ಣೆ ಹಾಕಿದಳು. ಆದರೆ ಅವರ ಪಡಸಾಲೆಯ ಚುಕ್ಕಿಯ ಕೆಳಗೆ ಯಾರೂ ಹಾಡಲಿಲ್ಲ.

*

ಬಿದಿರಿಗೆ ನಿಜವಾಗಿಯೂ ಕಿವಿಯಿದೆ ಎಂದು ಗೊತ್ತಾದದ್ದು ಒಂದು ವ್ಯಾಜ್ಯದಿಂದ. ಬಾಳಗೇರಿ ಕ್ರೈಸ್ತ ಸಭೆಯ ಚುಕ್ಕಿ ಹಳೆಯದೋ, ಹಳೇಪೇಟೆ ಸಭೆಯದ್ದೋ ಎಂದು ಎರಡೂ ಕಡೆಯ ಹಿರಿಯರು ಮಾತು ಬಿಟ್ಟಿದ್ದರು. ಸಭೆಯ ಪಾದ್ರಿ ಅಯ್ಯನವರು ಬೇಸತ್ತು, ದೇವಾಲಯದ ಚುಕ್ಕಿಯ ಮುತ್ತ್ಯಾಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ತಬಿತಾಳಿಗೆ ಕೊಟ್ಟರು. “ಇದರ ವಯಸ್ಸು ಹೇಳವಾ. ಸುಳ್ಳಾದ್ರೂ ಹೇಳು, ಜಗಳ ಮುಗೀಲಿ.”

ಪ್ರಯೋಗಾಲಯದಲ್ಲಿ ಹಳೆಯ ಮಡಕೆ ಚೂರುಗಳ ವಯಸ್ಸು ಅಳೆಯುತ್ತಿದ್ದರು. ಮಣ್ಣಿನೊಳಗಿನ ಮರಳಿನ ಕಣಗಳು ವರ್ಷಗಟ್ಟಲೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಸಿದರೆ ಅದನ್ನು ಮಿಣುಕು ಬೆಳಕಾಗಿ ಬಿಟ್ಟುಕೊಡುತ್ತವೆ. ಬಿದಿರಿನ ನಾರಿನಲ್ಲೂ ಮರಳಿನ ಜಾತಿಯ ಸಣ್ಣ ಕಣಗಳಿರುತ್ತವೆ. ತಬಿತಾ ಊಟದ ಬಿಡುವಿನಲ್ಲಿ ಕಡ್ಡಿಯನ್ನು ಕುಲುಮೆಗಿಟ್ಟಳು. ಬೆಳಕು ಬಂತು. ಆದರೆ ಕಾಗದದ ಮೇಲೆ ಗೆರೆ ನೇರವಾಗಿ ಏರಲಿಲ್ಲ, ನಡುಗುತ್ತ ಏರಿತು.

“ಮಷೀನು ಕೆಟ್ಟದ, ಇಲ್ಲಾ ನಿಮ್ಮ ಕೈ ನಡಗ್ಯದ” ಎಂದರು ಮುಖ್ಯಸ್ಥರಾದ ಡಾಕ್ಟರ್ ಇನಾಂದಾರ.

“ನನ್ನ ಕೈ ಯಾವಾಗಲೂ ನಡಗತೈತ್ರಿ ಸರ್. ಗೆರಿ ಇವತ್ತ ನಡಗೇತಿ.”

ಇನಾಂದಾರರು ಕನ್ನಡಕ ಹಣೆಗೇರಿಸಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ವಾರ ಕೂತು ಪೆಟ್ಟಿಗೆಯೊಂದನ್ನು ಕಟ್ಟಿದರು. ನಡುಗುವ ಬೆಳಕು ದೀಪದ ಕಾಡಿಗೆ ಬಳಿದ ತೆಳು ಪೊರೆಯ ಮೇಲೆ ಬಿದ್ದರೆ ಪೊರೆಯೂ ನಡುಗಿ ಸದ್ದು ಮಾಡುತ್ತದೆ. ಪೊರೆಯ ಹಿಂದೆ ವೈದ್ಯರು ಎದೆಗಿಡುವ ಕೊಳವೆಯಂಥದ್ದು, ಎರಡು ಕವಲಿನದು, ಇಬ್ಬರು ಕೇಳಬಹುದು. ದೇವಾಲಯದ ಕಡ್ಡಿಯಲ್ಲಿ ಮೊದಲ ಸಲದ ಕಾವಿಗೆ ಹೊರಬರದೆ ಆಳದಲ್ಲಿ ಉಳಿದದ್ದು ಇನ್ನೂ ಇತ್ತು; ಅದನ್ನು ಮತ್ತಷ್ಟು ಕಾಸಿದಾಗ ಅವರಿಗೆ ಮೊದಲು ಕೇಳಿದ್ದು ಒಂದು ಕೆಮ್ಮು. ಆಮೇಲೆ ಯಾವನೋ ಗಂಡಸು, “ಯಾರಪಾ ಕಾಲು ತುಳದವರು?” ಎಂದ. ಆಮೇಲೆ ಇಡೀ ಸಭೆ ಹಾಡಿತು.

ಇನಾಂದಾರರು ಕೊಳವೆ ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟು, ನಿಧಾನವಾಗಿ ಕೂತರು. “ಆ ಮನಷ್ಯಾ ಸತ್ತು ಎಷ್ಟು ವರ್ಷ ಆಗಿರಬೇಕ್ರಿ ತಬಿತಾಬಾಯಿ? ಅವನ ಕಾಲು ಇನ್ನೂ ನೋಯ್ಲಿಕ್ಕೆ ಹತ್ಯದ.”

ಲೆಕ್ಕ ಸರಳವಾಗಿತ್ತು. ಹಾಡಿದರೆ, ಮಾತಾಡಿದರೆ ಪಣತಿಯ ಕುಡಿ ನಡುಗುತ್ತದೆ. ಆ ನಡುಗುವ ಬೆಳಕು ಎದುರಿಗಿರುವ ಕಡ್ಡಿಯ ಬೆರಳುದ್ದದ ಭಾಗದಲ್ಲಿ ಕಣಕಣವಾಗಿ ಕೂರುತ್ತದೆ. ಮುಂದಿನ ವರ್ಷದ ಬೆಳಕು ಬಂದಾಗ ಹಳೆಯದು ಒಂದು ಮೆಟ್ಟಿಲು ಒಳಕ್ಕೆ ಸರಿಯುತ್ತದೆ. ಕಾಸಿದಾಗ ಹೊಸ ವರ್ಷ ಮೊದಲು ಹೊರಬರುತ್ತದೆ, ಕಾವು ಏರಿದಂತೆ ಅದರ ಹಿಂದಿನದು, ಹೀಗೆ ಮುತ್ತ್ಯಾನವರೆಗೆ. ಕಡ್ಡಿಯನ್ನು ಸೀಳಿ ಅರ್ಧ ಕೇಳುತ್ತೇನೆಂದರೆ ಆಗದು. ಸೀಳಿದರೆ ಬರೀ ಸಳಸಳ. ಟೇಪಿನಲ್ಲಿ ಹಿಡಿಯುತ್ತೇನೆಂದರೂ ಆಗದು; ದನಿ ಎಷ್ಟು ಸಣ್ಣದೆಂದರೆ ಮೈಕನ್ನು ಹತ್ತಿರ ತಂದರೆ ಅದರದೇ ಗುಂಯ್‌ಗುಡುವಿಕೆಯಲ್ಲಿ ಮುಳುಗಿಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಒಮ್ಮೆ ಹೊರಬಂದ ಬೆಳಕು ಮರಳಿ ಕಡ್ಡಿಯೊಳಗೆ ಹೋಗುವುದಿಲ್ಲ. ಕೇಳುವುದೆಂದರೆ ಅಳಿಸುವುದು.

ತಬಿತಾ ಇದನ್ನು ಬಂದವರಿಗೆಲ್ಲ ಮೊದಲೇ ಹೇಳುತ್ತಿದ್ದಳು. ಮಾತನ್ನು ಅಳೆದು ಆಡುವವಳು ಅವಳು. ಎರಡೆರಡು ಸಲ ಹೇಳಿ, ತಿಳಿಯಿತೇ ಎಂದು ಕೇಳುತ್ತಿದ್ದಳು. ಎಲ್ಲರೂ ತಿಳಿಯಿತೆಂದರು. ಯಾರಿಗೂ ತಿಳಿದಿರಲಿಲ್ಲ.

*

ಕಂಪೌಂಡಿನವರು ಅದಕ್ಕೆ ಕಿವಿಪೆಟ್ಟಿಗಿ ಎಂದು ಹೆಸರಿಟ್ಟರು. ಒಬ್ಬೊಬ್ಬರಾಗಿ ಧಾರವಾಡದ ಬಸ್ಸು ಹತ್ತಿದರು, ಕಡ್ಡಿಯನ್ನು ಸೀರೆಯ ಸೆರಗಿನಲ್ಲಿ, ಛತ್ರಿಯೊಳಗೆ, ಕ್ಯಾಲೆಂಡರಿನಲ್ಲಿ ಸುತ್ತಿಕೊಂಡು. ಮಗ್ಗದ ಯೋಹಾನಪ್ಪ ತೀರಿಹೋದ ಹೆಂಡತಿಯ ದನಿ ಕೇಳಲು ಬಂದ. ಅವಳು ಆಡಿದ್ದು ಒಂದೇ ಮಾತು. “ಎಣ್ಣಿ ಚೆಲ್ಲತೈತಿ, ಆಚೀಕ ಸರೀರಿ.” ಯೋಹಾನಪ್ಪ ಕುರ್ಚಿಯಿಂದ ನಿಜವಾಗಿಯೂ ಆಚೆಗೆ ಸರಿದ. ನಗುತ್ತ, ಕಣ್ಣೊರೆಸಿಕೊಳ್ಳುತ್ತ ಹೋದ.

ಮುಂದಿನ ವಾರ ಅದೇ ಕಡ್ಡಿ ಹಿಡಿದುಕೊಂಡು ಮತ್ತೆ ಬಂದ.

“ಇನ್ನೊಮ್ಮೆ ಹಾಕವಾ ತಂಗಿ.”

“ಕಾಕಾ, ಅದರಾಗ ಈಗ ಏನೂ ಇಲ್ಲ. ಹೇಳಿದ್ದೆನಲ್ಲ.”

“ಹೇಳಿದ್ದಿ. ಆದ್ರ ಆಕಿ ‘ಸರೀರಿ’ ಅಂದ್ಲೋ, ‘ಸರಕೋರಿ’ ಅಂದ್ಲೋ? ಅಷ್ಟ ನೋಡಿ ಹೇಳು.”

ತಬಿತಾ ಖಾಲಿ ಕಡ್ಡಿಯನ್ನು ಕುಲುಮೆಗಿಟ್ಟಳು. ಯೋಹಾನಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ಏನೂ ಇಲ್ಲದ್ದನ್ನು ಕೇಳಿದ.

ಆ ವರ್ಷದ ಕ್ರಿಸ್‌ಮಸ್ಸಿಗೆ ಕಂಪೌಂಡಿನ ಚುಕ್ಕಿಗಳೆಲ್ಲ ಎಂದಿನಂತೆಯೇ ಉರಿದವು. ಆದರೆ ಮಂದಿ ಚುಕ್ಕಿಯ ಕೆಳಗೆ ಮೊದಲಿನಂತೆ ಇರಲಿಲ್ಲ. ಗಂಡಸರು ಗಂಟಲು ಸರಿಪಡಿಸಿಕೊಂಡು, ಮುಂದೆಂದೋ ಕೇಳುವವರಿಗೆ ಬುದ್ಧಿಮಾತು ಹೇಳಿದರು. ಹೆಂಗಸರು ಕರ್ಚಿಕಾಯಿ ಕರಿಯುವಾಗ ಆಡುವ ಮಾತನ್ನು ಹೊರಗೆ ಆಡಿ ಬಂದು, ಒಳಗೆ ತುಟಿ ಬಿಗಿದು ಕೂತರು. ಸಿಟ್ಟಿಗೆದ್ದ ಮಗುವನ್ನು ಅಂಗಳಕ್ಕೆ ಎತ್ತಿಕೊಂಡು ಹೋದರು. ಹಾಡುವಾಗ ಒಬ್ಬೊಬ್ಬರೂ ತಮ್ಮ ದನಿ ಮೇಲೆ ಕೇಳಲೆಂದು ಕೂಗಿದರು. ತಬಿತಾ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಏನನ್ನೋ ಮುರಿದಿದ್ದೇನೆ ಎನ್ನಿಸಿತು, ಏನನ್ನೆಂದು ಸ್ಪಷ್ಟವಾಗಲಿಲ್ಲ.

ಕಿವಿಪೆಟ್ಟಿಗೆಗೆ ಹೋಗದೆ ಉಳಿದವರು ಇಬ್ಬರು. ಒಬ್ಬಳು ಸ್ವತಃ ತಬಿತಾ. ಇನ್ನೊಬ್ಬಳು ಪಕ್ಕದ ಮನೆಯ ಲೀಯಕ್ಕ, ಮಿಷನ್ ಆಸ್ಪತ್ರೆಯ ನಿವೃತ್ತ ನರ್ಸು. ಲೀಯಕ್ಕನೂ ಅವಳ ಅಕ್ಕ ಮಾರ್ತಾಬಾಯಿಯೂ ಮದುವೆಯಾಗದೆ ಒಂದೇ ಮನೆಯಲ್ಲಿ, ಒಂದೇ ಆಸ್ಪತ್ರೆಯಲ್ಲಿ, ಒಂದೇ ಕೊಡೆಯಡಿ ಬದುಕಿದವರು. ಕಂಪೌಂಡಿನ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದರು, ರೋದಾಳೂ ಸಹ. ರೋದಾ ಹೋಗುವ ಹಿಂದಿನ ಚಳಿಗಾಲದಲ್ಲಿ, ಹಬ್ಬ ಕಳೆದು ಡಿಸೆಂಬರ್ ಮುಗಿಯುವ ಮೊದಲೇ, ಮಾರ್ತಾಬಾಯಿ ತೀರಿಹೋಗಿದ್ದಳು. ಸಾವಿನ ವರ್ಷ ಆ ಡಿಸೆಂಬರಿಗೇ ಮುಗಿದದ್ದರಿಂದ ಮರುವರ್ಷ ಆ ಮನೆಯ ಚುಕ್ಕಿ ಎಂದಿನಂತೆ ಉರಿದಿತ್ತು.

“ನೀವೂ ಬರ್ರಿ ಲೀಯಕ್ಕ” ಎಂದು ಒಮ್ಮೆ ಅಮೋಸ ಕರೆದಿದ್ದ.

“ಯಾಕಪಾ? ಅಕ್ಕ ಒಳಗ ಕುಂತಾಳ, ಕುಂದರ್ಲಿ. ಮುಂಜಾನಿಂದ ಸಂಜೀತನಾ ಒದರಿ ಒದರಿ ದಣದಾಕಿ. ಈಗರ ಸುಮ್ಮನ ಕುಂದರ್ಲಿ ಬಿಡು.” ಹಾಗೆಂದು ತಲೆಯ ಮೇಲೆ ತೂಗುತ್ತಿದ್ದ ಚುಕ್ಕಿಯತ್ತ ನೋಡಿ ನಕ್ಕಿದ್ದಳು. ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕುರಿತು ಮಾತಾಡಿದ ಹಾಗಿತ್ತು.

*

ತಬಿತಾ ಯಾಕೆ ಹೋಗಿರಲಿಲ್ಲ? ಹೆದರಿಕೆ. ಮನೆಯಿಂದ ಹೊರಡುವಾಗ ಬೀಗವನ್ನು ಎರಡು ಸಲ ಎಳೆದು ನೋಡುವವಳು, ಇರುವ ಒಂದೇ ಒಂದನ್ನು ಹೇಗೆ ಖರ್ಚು ಮಾಡಿಯಾಳು? ಅಟ್ಟದ ಮೇಲೆ ಕಡ್ಡಿ ಇದೆ, ಅದರಲ್ಲಿ ರೋದಾ ಇದ್ದಾಳೆ, ಕೇಳಬೇಕೆಂದರೆ ಕೇಳಬಹುದು. ಆ ‘ಬಹುದು’ ಎನ್ನುವುದರ ಮೇಲೆ ಅವಳು ದಿನ ತಳ್ಳುತ್ತಿದ್ದಳು.

ಮರುವರ್ಷ ನವೆಂಬರಿನಲ್ಲಿ ಒಂದು ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಒಂದು ಮಗು, “ಅವ್ವಾ, ನೀರು” ಎಂದಿತು. ತಬಿತಾಳ ಮೈ ತಾನಾಗಿ ತಿರುಗಿತು. ಮಗು ಯಾರದ್ದೋ. ತಪ್ಪಿಗೆ ನಕ್ಕು ಮುಂದೆ ತಿರುಗಿದ ಮೇಲೆ ಅವಳಿಗೆ ಭಯವಾಯಿತು. ಆ ದನಿ ರೋದಾಳದ್ದರ ಹಾಗಿತ್ತೋ ಇರಲಿಲ್ಲವೋ ಹೇಳಲು ಅವಳಿಗೆ ಬರಲಿಲ್ಲ. ಕಣ್ಣು ಮುಚ್ಚಿ ಮಗಳನ್ನು ಕರೆದಳು. ಮುಖ ಬಂತು, ಬಾಯಿ ತೆರೆಯಿತು, ಸದ್ದು ಬರಲಿಲ್ಲ.

ಮನೆಗೆ ಬಂದು ಅಮೋಸನ ಮುಂದೆ ತಾಟು ಇಟ್ಟು, “ಏನ್ರೀ, ಶನಿವಾರ ಹೋಗೂಣು” ಎಂದಳು.

ಎಲ್ಲಿಗೆ ಎಂದು ಅವನು ಕೇಳಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. “ಖರೇನ?” ಎಂದ. ಮತ್ತೊಂದು ತುತ್ತು ಮುರಿದು, “ನಾ ಇಸ್ತ್ರಿ ಅಂಗಿ ಹಾಕೊಳ್ತೀನಿ” ಎಂದ.

ಇನಾಂದಾರರು ಬೀಗದ ಕೈ ಕೊಟ್ಟು ಹೊರಟುಬಿಟ್ಟರು. “ನಾ ಇರೂದಿಲ್ಲ. ನಿಮ್ಮ ಮನೀ ಮಾತು, ನನಗ್ಯಾಕ.” ಶನಿವಾರ ಮಧ್ಯಾಹ್ನದ ಬಿಸಿಲು ಪ್ರಯೋಗಾಲಯದ ನೆಲದ ಮೇಲೆ ಬಿದ್ದಿತ್ತು. ತಬಿತಾ ಪರದೆ ಎಳೆದಳು, ಕುಲುಮೆಯ ಮುಳ್ಳನ್ನು ನೋಡಿದಳು, ಮತ್ತೊಮ್ಮೆ ನೋಡಿದಳು. ಗಂಡ ಹೆಂಡತಿ ಕೊಳವೆಯ ಒಂದೊಂದು ಕವಲು ಹಿಡಿದು ಮೊಣಕೈ ತಾಗಿಸಿಕೊಂಡು ಕೂತರು.

ಮೊದಲು ಬಂದದ್ದು ಅವರದೇ ಕಳೆದ ವರ್ಷ. ತಾಟಿನ ಸದ್ದು. ಅಮೋಸನ ಕೆಮ್ಮು. “ಊಟಕ್ಕ ಏಳ್ರಿ” ಎಂಬ ತಬಿತಾಳ ದನಿ. ಆಮೇಲೆ ಏನೂ ಇಲ್ಲ. ಅದರ ಹಿಂದಿನ ವರ್ಷವೂ ಹಾಗೇ, ಅದರ ಹಿಂದಿನದೂ. ದೂರದಲ್ಲಿ ಬೇರೆಯವರ ಮನೆಯ ಹಾಡು. ಇಷ್ಟು ಸುಮ್ಮನೆ ಇದ್ದೆವೇ ನಾವು, ಎಂದುಕೊಂಡಳು ತಬಿತಾ. ಅಮೋಸ ನೆಲ ನೋಡುತ್ತಿದ್ದ.

ಕಾವು ಏರಿತು. ಸಾವಿನ ವರ್ಷ ಬಂತು. ಕಡ್ಡಿ ಲೀಯಕ್ಕನ ಚುಕ್ಕಿಯಲ್ಲಿ ಬೀಗರಾಗಿ ಕೂತ ವರ್ಷ. ಲೀಯಕ್ಕ ಬೆಕ್ಕಿಗೆ ಹಾಲು ಹಾಕಿದಳು, ಒಬ್ಬಳೇ ಏನೋ ಗುನುಗಿದಳು. ಇದು ನಿರೀಕ್ಷಿಸಿದ್ದೇ. ಇದರ ಹಿಂದೆ ರೋದಾ. ತಬಿತಾ ಕೊಳವೆಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅಮೋಸ ಅವಳ ಮುಂಗೈ ಹಿಡಿದ.

“ಏಲಕ್ಕಿ ಯಾಕ ಇಷ್ಟು ಸುರದಿ? ಕೇಕು ಮಾಡಾಕತ್ತಿಯೋ, ಔಷಧ ಮಾಡಾಕತ್ತಿಯೋ?”

ದೊಡ್ಡ ಗಂಟಲು, ಒಡಕು ಗಂಟಲು. ಮಾರ್ತಾಬಾಯಿ.

ತಬಿತಾಳ ಕೈ ತನಗಿಂತ ಮೊದಲು ಗುಂಡಿಯತ್ತ ಹೋಗಿ ಕುಲುಮೆಯನ್ನು ಆರಿಸಿತ್ತು. “ಇದು ನಮ್ಮದಲ್ಲ” ಎಂದಳು. “ರೀ, ಇದು ಲೀಯಕ್ಕನ ಕಡ್ಡಿ. ಅದಲು ಬದಲಾಗೇತಿ.”

“ಆರಿಸಿದಿಯಲ್ಲ? ನಿಂತತಲ್ಲ?” ಎಂದ ಅಮೋಸ.

ನಿಲ್ಲಲಿಲ್ಲ. ಆರಿಸಿದ ಕೂಡಲೇ ಕುಲುಮೆ ತಣಿಯುವುದಿಲ್ಲ. ಇಟ್ಟಿಗೆಯಲ್ಲಿ ಸೇರಿದ ಕಾವು ಇನ್ನೂ ಏರುತ್ತಲೇ ಇರುತ್ತದೆ. ಬಾಗಿಲು ತೆಗೆದರೆ ಒಳನುಗ್ಗುವ ಹಗಲ ಬೆಳಕಿಗೆ ಕಾದ ಕಡ್ಡಿಯಲ್ಲಿ ಇದ್ದದ್ದೂ ಒಂದೇ ಸಲಕ್ಕೆ ಹೋಗುತ್ತದೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಕೊಳವೆಯಲ್ಲಿ ಮಾರ್ತಾಬಾಯಿ ನಗುತ್ತಿದ್ದಳು, ಹಾಡುತ್ತಿದ್ದಳು, ಒಂದೊಂದು ವರ್ಷಕ್ಕೆ ಕಿರಿಯಳಾಗುತ್ತಿದ್ದಳು. ಒಂದೊಂದು ಮಾತೂ ಕೇಳಿದ ಮರುಗಳಿಗೆಗೆ ಲೋಕದಲ್ಲಿ ಇಲ್ಲವಾಗುತ್ತಿತ್ತು.

ಅಮೋಸ ಕೊಳವೆಯನ್ನು ಕಿವಿಯಿಂದ ತೆಗೆಯಲು ಹೋದ. ಬೇರೆಯವರ ಮನೆಯ ಮಾತು ಕದ್ದು ಕೇಳಿದಂತೆ ಅವನಿಗೆ ಅನ್ನಿಸಿರಬೇಕು. ತಬಿತಾ ಅವನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

“ಕೇಳ್ರಿ. ಬಿಡಬ್ಯಾಡ್ರಿ, ಕೇಳ್ರಿ. ಒಂದಕ್ಷರ ಬಿಡಬ್ಯಾಡ್ರಿ. ಇನ್ನ ನಾವಿಬ್ಬರ ಇರೂದು ಇದನ್ನ ಕೇಳಾಕ.”

ಇಬ್ಬರೂ ಬೆವರುತ್ತ, ಬೇರೆಯವರ ಸತ್ತ ಅಕ್ಕನನ್ನು ಪರೀಕ್ಷೆಗೆ ಓದುವ ಮಕ್ಕಳಂತೆ ಬಾಯಿಪಾಠ ಮಾಡುತ್ತ ಕೂತರು. ಮಾರ್ತಾಬಾಯಿ ಮುಗಿದು, ಅವಳ ಅಪ್ಪ ಅವ್ವ ಬಂದು ಹೋಗಿ, ಗುರುತಿಲ್ಲದ ಹಳಬರ ಹಾಡು ಬಂದು ಹೋಗಿ, ಕೊನೆಗೆ ಸಳಸಳ ಉಳಿಯಿತು. ಅದೂ ನಿಂತಿತು.

*

ಬಸ್ಸಿನಲ್ಲಿ ಇಬ್ಬರೂ ಪಿಸುದನಿಯಲ್ಲಿ ಕೇಳಿದ್ದನ್ನು ಒಬ್ಬರಿಗೊಬ್ಬರು ಒಪ್ಪಿಸಿಕೊಂಡರು. ಹುಬ್ಬಳ್ಳಿ ದಾಟುವಷ್ಟರಲ್ಲೇ ಒಂದು ಕಡೆ ತಡವರಿಸಿತು. ಮಾರ್ತಾಬಾಯಿ ಬೈದದ್ದು ಬೆಕ್ಕಿಗೋ ಹಾಲಿನವನಿಗೋ? ಅಮೋಸ ಬೆಕ್ಕು ಎಂದ, ತಬಿತಾ ಹಾಲಿನವನು ಎಂದಳು. ಅವಳಿಗೆ ಯೋಹಾನಪ್ಪನ ಮುಚ್ಚಿದ ಕಣ್ಣು ನೆನಪಾಯಿತು.

ಲೀಯಕ್ಕ ಹೊಸಿಲ ಹತ್ತಿರ ಕೂತು ಹಬ್ಬಕ್ಕೆ ಹೊಸ ಕಡ್ಡಿ ಕೆರೆಯುತ್ತಿದ್ದಳು. ಅರ್ಧ ಕಟ್ಟಿದ ಚುಕ್ಕಿ ಪಕ್ಕದಲ್ಲಿತ್ತು. ಇಬ್ಬರ ಮುಖ ನೋಡಿ ಚಾಕು ಕೆಳಗಿಟ್ಟಳು.

“ಯಾಕ್ರಿ ಹಿಂಗ? ಏನಾತು?”

ತಬಿತಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಆದರೆ ಬಾಯಿ ತೆರೆದಾಗ ಯಾವ ಜೋಡಣೆಯೂ ಉಳಿದಿರಲಿಲ್ಲ. “ಲೀಯಕ್ಕ, ನಮ್ಮ ಹತ್ರ ಇದ್ದ ಕಡ್ಡಿ ನಿಮ್ಮದು. ನಾ ಮಾರ್ತಾಬಾಯಾರನ್ನ ಅಳಿಸಿಬಿಟ್ಟೆ” ಎಂದಳು.

ಲೀಯಕ್ಕ, ತಬಿತಾ ನೀಡಿದ ಕಪ್ಪು ಕಡ್ಡಿಯನ್ನು ತೆಗೆದುಕೊಂಡು ಮೊಣಕಾಲ ಮೇಲಿಟ್ಟು ಹೆಬ್ಬೆರಳಿನಿಂದ ಸವರಿದಳು, ಮಗುವಿನ ಹಣೆಗೆ ಜ್ವರ ನೋಡುವ ಹಾಗೆ.

“ತಪ್ಪು ನಂದವಾ” ಎಂದಳು. “ಆ ವರ್ಷ ಹಬ್ಬ ಮುಗದಮ್ಯಾಲ ಎರಡೂ ಕಡ್ಡಿ ಅಟ್ಟದ ಮ್ಯಾಲ ಇಟ್ಟಿದ್ದೆ. ಬಿಳಿ ದಾರ ಕಾವಿಗೆ ಸುಟ್ಟು ಉದುರಿ ಹೋಗಿತ್ತು. ಎರಡೂ ಕರ್ರಗ, ಎರಡೂ ಅಷ್ಟ ಉದ್ದ. ನಿಮ್ಮ ಮನೀ ಬಾಗಿಲತನಾ ಬಂದೆ ಕೇಳಾಕ. ನೀ ಆ ಹುಡುಗೀ ಲಂಗಾ ಮಡಚಾಕತ್ತಿದ್ದಿ. ಮಗಳು ಹೋದ ತಾಯಿಗೆ, ನಿನ್ನ ಕಡ್ಡಿ ಯಾವುದವಾ ಅಂತ ಹೆಂಗ ಕೇಳ್ಲಿ? ಅಂದಾಜ್ಲೆ ಒಂದು ಕೊಟ್ಟು ಬಂದೆ.”

ಮೂವರೂ ಕೂತರು. ಬೆಕ್ಕು ಬಂದು ಅಮೋಸನ ಇಸ್ತ್ರಿ ಅಂಗಿಗೆ ಮೈ ತಿಕ್ಕಿತು.

“ಏನಂದ್ಲು?” ಲೀಯಕ್ಕ ಕಡ್ಡಿಯಿಂದ ಕಣ್ಣೆತ್ತದೆ ಕೇಳಿದಳು. “ನಮ್ಮಕ್ಕ ಏನಂದ್ಲು?”

ತಬಿತಾ ಹೇಳಿದಳು. ಏಲಕ್ಕಿಯ ಬೈಗುಳ, ದೊಡ್ಡ ಡಾಕ್ಟರರ ಅಣಕ, ಹಾಡಿನ ನಡುವೆ ಸೀನಿದ್ದು, ಸೀನಿ ತಾನೇ ನಕ್ಕಿದ್ದು. ಮರೆತಲ್ಲಿ ಅಮೋಸ ಸೇರಿಸಿದ. ಬೆಕ್ಕೋ ಹಾಲಿನವನೋ ಎಂಬಲ್ಲಿ ಲೀಯಕ್ಕ, “ಬೆಕ್ಕಿಗೆ. ಹಾಲಿನವನ್ನ ಕಂಡ್ರ ಆಕಿಗೆ ಭಾಳ ಪ್ರೀತಿ” ಎಂದು ತಾನೇ ತೀರ್ಪು ಕೊಟ್ಟಳು. ಕತ್ತಲಾಗುತ್ತ ಬಂತು. ಇನ್ನೊಂದು ಉಳಿದಿತ್ತು. ಅದನ್ನು ಹೇಳಬೇಕೋ ಬೇಡವೋ ಎಂದು ತಬಿತಾ ಬಹಳ ಯೋಚಿಸಿದ್ದಳು. ಆದರೆ ಇದು ಅವಳದ್ದಲ್ಲ, ಇಟ್ಟುಕೊಳ್ಳುವ ಹಕ್ಕಿರಲಿಲ್ಲ.

“ಕೊನೇ ವರ್ಷ, ನೀವು ಹೊರಗ ಹೋಗಿದ್ರಿ ಅಂತ ಕಾಣಸ್ತೈತಿ. ಅವರು ಒಬ್ಬರೇ ಚುಕ್ಕಿ ಮುಂದ ನಿಂತು ಅಂದ್ರು... ‘ನಮ್ಮ ಲೀಯಾನ್ನ ಮೊದಲ ಕರಕೋ ದೇವ್ರ. ಆಕಿಗೆ ಒಬ್ಬಾಕೀಗೆ ಇರಾಕ ಬರೂದಿಲ್ಲ. ಆಮ್ಯಾಲ ನಾ ಬರ್ತೀನಿ.’”

ಲೀಯಕ್ಕನ ಭುಜ ಅಲುಗಿತು. ಅಳುತ್ತಿದ್ದಾಳೆಂದು ತಬಿತಾ ಹತ್ತಿರ ಸರಿದಳು. ನಗುವೂ ಇತ್ತು ಅದರಲ್ಲಿ. “ನೋಡು ಹಲ್ಕಟ್ಟು” ಎಂದಳು ಲೀಯಕ್ಕ, ಸೆರಗಿನಿಂದ ಮೂಗು ಒರೆಸಿಕೊಂಡು. “ನನ್ನ ಸಾವಿಗೂ ತಾನ ಪಾಳಿ ಹಚ್ಚಿಟ್ಟಿದ್ಲು, ವಾರ್ಡಿನ ಡ್ಯೂಟಿ ಹಚ್ಚಿದಂಗ.” ಆಮೇಲೆ ಅಳು ಒಂದೇ ಉಳಿಯಿತು. ಯಾರೂ ಅದನ್ನು ನಿಲ್ಲಿಸಲು ಹೋಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳು ಎದ್ದು ಒಳಗೆ ಹೋಗಿ ಅಟ್ಟದಿಂದ ಇನ್ನೊಂದು ಕಡ್ಡಿಯನ್ನು ತಂದು ತಬಿತಾಳ ಮಡಿಲಿಗೆ ಹಾಕಿದಳು. “ನಿನ್ನ ಮಗಳು. ತಗೋ. ಸೋಮವಾರ ಹೋಗಿ ಕೇಳ್ಕೊಂಡು ಬಾ.”

ಮೇಲೆ ಲೀಯಕ್ಕನ ಒಂಟಿ ವರ್ಷಗಳು. ಅವುಗಳ ಕೆಳಗೆ ರೋದಾ, ಯಾರ ಕೈಯೂ ತಾಗದೆ. ಕಡ್ಡಿ ಹಗುರವಾಗಿತ್ತು. ತಬಿತಾ ಅದನ್ನು ಮೂಗಿನ ಹತ್ತಿರ ತಂದಳು. ಹೊಗೆಯ ವಾಸನೆ ಬಿಟ್ಟು ಬೇರೇನಿಲ್ಲ.

“ಸೋಮವಾರ ರಜಾ ಹಾಕ್ಲೇನು?” ಅಮೋಸ ಕೇಳಿದ.

ಬಸ್ಸಿನಲ್ಲಿ ತಡವರಿಸಿದ್ದನ್ನು ಅವಳು ನೆನೆದಳು. ಸೋಮವಾರ ಕೇಳಿದರೆ ಮಂಗಳವಾರದಿಂದ ಮರೆವು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಗ ಅಟ್ಟದ ಮೇಲೆ ಏನೂ ಇರುವುದಿಲ್ಲ. ಇವತ್ತು ಮಧ್ಯಾಹ್ನದವರೆಗೆ ಲೀಯಕ್ಕನ ಪಾಲಿಗೆ ಮಾರ್ತಾಬಾಯಿ ಈ ಮನೆಯ ಒಂದು ಕೋಣೆಯಲ್ಲಿ ಕೂತಿದ್ದಳು. ಈಗ ಅವಳಿರುವುದು ಒಬ್ಬ ಮೆಕ್ಯಾನಿಕ್ಕನ ತಲೆಯಲ್ಲಿ, ಒಬ್ಬ ಗಾಬರಿಯ ಹೆಂಗಸಿನ ತಲೆಯಲ್ಲಿ.

“ಬ್ಯಾಡ್ರಿ” ಎಂದಳು. “ಆದ್ರ ನನಗ ಆಕೀ ದನಿ ಮರತ ಹೋಗೇತ್ರಿ. ಖರೇ ಹೇಳ್ತೀನಿ, ಪೂರಾ ಮರತ ಹೋಗೇತಿ.”

ಬಸ್ಸಿನ ಆ ಸಂಜೆಯಿಂದ ಇದನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಅಮೋಸ ಅವಳನ್ನೇ ನೋಡಿದ.

“ನನಗ ಮರತಿಲ್ಲ” ಎಂದ. “ನಿನಗ ನೋವಾಗತೈತಿ ಅಂತ ಹೇಳಿದ್ದಿಲ್ಲ. ಕಡ್ಡಿಪದ ಹಾಡುವಾಗ ಕೊನೇ ಸಾಲು ಎಳೀತಿದ್ಲು, ಉಸಿರು ಮುಗಿಯೂಮಟ. ಮುಗದಮ್ಯಾಲ ಕೆಮ್ಮು. ದನಿ ಹಾರ್ಮೋನಿಯಂದಾಗ ನಾಕನೇ ಕರೀಮನಿ ಐತಲ್ಲ, ಅಲ್ಲಿತ್ತು. ಒಂಚೂರು ಮೂಗಿನಾಗ. ಮತ್ತ ನಿನಗೇನಂತಿದ್ಲು, ನೆನಪಿಲ್ಲೇನು? ನೀ ಹಾಡಾಕ ಬಾಯಿ ತಗದ್ರ ಸಾಕು, ‘ಅವ್ವಾ, ನೀ ಹಾಡಬ್ಯಾಡ, ಚುಕ್ಕಿ ಅಂಜತೈತಿ.’”

ಮಾತು ನೆನಪಾಯಿತು. ದನಿ ಬರಲಿಲ್ಲ. ಆದರೂ ಮುಚ್ಚಿದ ಬಾಗಿಲಿನ ಆಚೆ ಯಾರೋ ನಿಂತಿರುವುದು ಗೊತ್ತಾಗುವ ಹಾಗೆ ಏನೋ ಗೊತ್ತಾಯಿತು.

*

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಲೀಯಕ್ಕನ ಪಡಸಾಲೆಯಲ್ಲಿ ಎರಡು ಮನೆಗೂ ಸೇರಿ ಒಂದೇ ಚುಕ್ಕಿ ಕಟ್ಟಿದರು. ದೀಪಕ್ಕೆ ಎದುರಾಗಿ ಎರಡು ಕಡ್ಡಿ, ಒಂದು ತುಂಬಿದ್ದು, ಒಂದು ಖಾಲಿ. ದಾರ ಕಟ್ಟಲಿಲ್ಲ. ಹೊರಗೆ ಕಂಪೌಂಡಿನ ಗಂಡಸರು ಚುಕ್ಕಿಗಳ ಕೆಳಗೆ ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು.

ಅಮೋಸ ಹಾರ್ಮೋನಿಯಂನ ನಾಲ್ಕನೇ ಕರಿಮನೆ ಒತ್ತಿ ಹಿಡಿದ. ಲೀಯಕ್ಕ ನಡುಗುವ ದನಿಯಲ್ಲಿ ಕಡ್ಡಿಪದ ಎತ್ತಿಕೊಂಡಳು.

ಬಾ ಚುಕ್ಕಿ ಬಾ, ನಿನ ಮನೀ ದಾರಿ ಇಲ್ಲೈತಿ,
ಬಿದಿರಿನ ಒಳಗೊಂದು ಕೋಣಿ ಖಾಲೈತಿ.
ತಣ್ಣಗಾದ ಕೈಕಾಲ ಕಾಸಿಕೋ ದೀಪದಾಗ,
ಹಳಬರು ಕುಂತಾರ ಹೊಸಬರ ನೆಳ್ಳಾಗ.

ತಬಿತಾಳಿಗೆ ಗೊತ್ತಿತ್ತು. ಇವತ್ತು ಹಾಡಿದ್ದು ರೋದಾಳನ್ನು ಇನ್ನೊಂದು ಮೆಟ್ಟಿಲು ಒಳಕ್ಕೆ ತಳ್ಳುತ್ತದೆ. ಮುಂದೆಂದಾದರೂ ಯಾರಾದರೂ ಅವಳ ಹತ್ತಿರ ಹೋಗಬೇಕಾದರೆ ಮೊದಲು ಇವರನ್ನು ದಾಟಿಯೇ ಹೋಗಬೇಕು, ಈ ಹಾರ್ಮೋನಿಯಂ, ಈ ಮುದುಕಿಯ ಉಸಿರು, ರೋದಾಳ ತಾಯಿ. ಮಲಗಿದ ಮಗುವಿನ ಮೇಲೆ ಇನ್ನೊಂದು ಹೊದಿಕೆ ಹಾಕಿದಂತೆ. ಮುಚ್ಚಿದಷ್ಟೂ ಕಾಣುವುದಿಲ್ಲ, ಮುಚ್ಚಿದಷ್ಟೂ ಬೆಚ್ಚಗೆ.

“ಜೋರಾಗಿ ಹಾಡ್ರಿ” ಎಂದು ಲೀಯಕ್ಕ ನಡುವೆ ನಿಲ್ಲಿಸಿ ಗದರಿಸಿದಳು. “ಒಳಗಿನವರಿಗೆ ಕೇಳಬ್ಯಾಡೇನು?”

ತಬಿತಾ ಬಾಯಿ ತೆರೆದಳು. ರಾಗ ಎಂದಿನಂತೆ ಎಲ್ಲೆಲ್ಲೋ ಹೋಯಿತು. ಕೊನೆಯ ಸಾಲನ್ನು ಉಸಿರು ಮುಗಿಯುವವರೆಗೆ ಎಳೆದಳು, ಮುಗಿದ ಮೇಲೆ ಕೆಮ್ಮು ಬಂತು.

ತಲೆಯ ಮೇಲೆ ಪಣತಿಯ ಕುಡಿ ಅಲ್ಲಾಡಿತು, ಬಿಳಿ ಕಾಗದದ ಮೇಲೆ ನೆರಳು ನಡುಗಿತು. ಚುಕ್ಕಿ ಅಂಜಿತು.